ಮಾಲಕರ ಕಸದ ಫೋಲ್ಡರ್

ನಮ್ಮ ಮಾಲಕರು ತೀರಿಕೊಂಡ ಸುದ್ದಿ ಬಂದಾಗ ನಾನು ಕಿತ್ತೂರಿನ ನನ್ನ ಅಂಗಡಿಯಲ್ಲಿ ಯಾರೋ ಬಸುರಿಯ ಕುಬಸದ ಕಾರ್ಯದ ವಿಡಿಯೊ ಕೂಡಿಸುತ್ತ ಕುಳಿತಿದ್ದೆ. ಮಧ್ಯಾಹ್ನದೊಳಗೆ ಮೊಬೈಲ್ ತುಂಬ ಅವರ ಫೋಟೊ. ಶಾಲು ಹೊದ್ದ ಫೋಟೊ, ಕೆಳಗೆ ಮುಗಿದ ಕೈಗಳು, ‘ಗುರುಗಳು’, ‘ದಾರಿದೀಪ’, ‘ತುಂಬಲಾರದ ನಷ್ಟ’. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಮದುವೆ ವಿಡಿಯೊ ಮಾಡುವವರಲ್ಲಿ ಅರ್ಧದಷ್ಟು ಮಂದಿ ಅವರ ಸ್ಟುಡಿಯೊದಲ್ಲಿ ಕಲಿತವರೇ. ನಾನೂ ಅಲ್ಲೇ ಕಲಿತವಳು. ನಾನು ಏನೂ ಬರೆಯಲಿಲ್ಲ. ಮೊಬೈಲನ್ನು ಬೋರಲು ಹಾಕಿ ಕೆಲಸ ಮುಂದುವರಿಸಿದೆ.

ಸತ್ತವರ ವಿಷಯ ಬಂದಾಗ ಜನ ನಾಲಿಗೆಯನ್ನು ಮೆದು ಮಾಡಿಕೊಳ್ಳುತ್ತಾರೆ. ನನಗೆ ಅದು ಆಗುವುದಿಲ್ಲ. ಅವರ ಬಗ್ಗೆ ನನಗೆ ಗೊತ್ತಿರುವುದನ್ನು ಗೊತ್ತಿರುವ ಹಾಗೆಯೇ ಹೇಳುತ್ತೇನೆ.

ಬೈಲಹೊಂಗಲದ ಮಾರ್ಕೆಟ್ ರಸ್ತೆಯಲ್ಲಿ, ಕಾಳುಕಡಿ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಅವರ ಸ್ಟುಡಿಯೊ ಇತ್ತು. ಮೆಟ್ಟಿಲು ಹತ್ತುವಾಗ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯುತ್ತಿತ್ತು. ಒಳಗೆ ಗಾಜಿನ ಕ್ಯಾಬಿನ್ನು, ಅದರಲ್ಲಿ ಅವರ ದೊಡ್ಡ ಕಂಪ್ಯೂಟರು. ಹೊರಗೆ ನಮ್ಮ ಸಾಲು. ಹೊಲ, ಮನೆ, ಪೇಟೆಯಲ್ಲಿ ಬಾಡಿಗೆ ಅಂಗಡಿಗಳು ಇದ್ದ ಮನೆತನ ಅವರದು. ಹೊಟ್ಟೆಪಾಡಿಗಾಗಿ ಈ ಕೆಲಸಕ್ಕೆ ಬಂದವರಲ್ಲ. ‘ಹೌಸ್’ ಎನ್ನುತ್ತಿದ್ದರು ತಮ್ಮ ಹವ್ಯಾಸಕ್ಕೆ. ಟೇಪಿನ ಕಾಲದಿಂದಲೂ ಕ್ಯಾಮೆರಾ ಹೆಗಲಿಗೇರಿಸಿಕೊಂಡು ತಿರುಗಿದವರು. ಬಿಳಿ ಅಂಗಿ, ಅಂಗಿಯ ಕಿಸೆಯಲ್ಲಿ ಕನ್ನಡಕ ಒರೆಸುವ ಬಟ್ಟೆ, ಬಾಯಲ್ಲಿ ಅಡಿಕೆ ಚೂರು. ಬಲಗೈಯ ತೋರುಬೆರಳಿಗೆ ಮಾತ್ರ ಉಗುರು ಬೆಳೆಸಿದ್ದರು.

ಆ ಉಗುರು ನಮ್ಮ ಮಾನಿಟರುಗಳ ಮೇಲೆ ಆಡುತ್ತಿತ್ತು. ನಾವು ಟೈಮ್‌ಲೈನ್ ಎಂಬ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಕ್ಲಿಪ್ ಜೋಡಿಸುತ್ತಿದ್ದರೆ ಅವರು ಹಿಂದೆ ಬಂದು ನಿಲ್ಲುತ್ತಿದ್ದರು. ಬೇಡವೆನಿಸಿದ ಮುಖ ಕಂಡ ಕೂಡಲೇ ಉಗುರಿನಿಂದ ಆ ಮುಖದ ಮೇಲೆ ಟಕ್ ಟಕ್ ಎಂದು ಬಡಿದು ಹೇಳುತ್ತಿದ್ದರು:

“ಹಾರ್ಸ್ ಇದನ್.”

ಹಾರಿಸುವುದೆಂದರೆ ವಿಡಿಯೊದಿಂದ ತೆಗೆದುಹಾಕುವುದು. ಮುದುಕರು ಹಾರಬೇಕು. ಬೊಚ್ಚುಬಾಯಿಯಲ್ಲಿ ನಗುವವರು ಹಾರಬೇಕು. ಕಪ್ಪಗಿದ್ದ ಹುಡುಗಿಯರು, ಎಲೆಯ ಮುಂದೆ ಬಗ್ಗಿ ಉಣ್ಣುವವರು, ಹಳೆಯ ಸೀರೆ ಉಟ್ಟ ಬಡ ನೆಂಟರು, ಎಲ್ಲರೂ ಹಾರಬೇಕು. ಅವರ ಮದುವೆ ವಿಡಿಯೊ ನೋಡಿದರೆ ಈ ಸೀಮೆಯಲ್ಲಿ ಹಲ್ಲು ಬಿದ್ದವರೇ ಇಲ್ಲವೇನೋ ಅನ್ನಿಸುತ್ತಿತ್ತು. ಜನ ಅದನ್ನೇ ಮೆಚ್ಚಿ ಹುಡುಕಿಕೊಂಡು ಬರುತ್ತಿದ್ದರು. “ಮಾಲಕರು ತಗದ್ರ ನಮ್ಮನಿ ಮದಿವಿ ಸಿನೆಮಾದಂಗ ಕಾಣತೈತಿ” ಎನ್ನುತ್ತಿದ್ದರು.

ಕೆಲಸ ಕಲಿಸುವುದರಲ್ಲಿ ಅವರಿಗೆ ಕೊರತೆ ಇರಲಿಲ್ಲ. ಇದನ್ನು ಹೇಳುವಾಗ ನನ್ನ ಬಾಯಿ ಕಹಿಯಾಗುತ್ತದೆ, ಆದರೂ ಹೇಳಬೇಕು. ಕ್ಯಾಮೆರಾದಿಂದ ಬಂದ ಕ್ಲಿಪ್ಪುಗಳನ್ನು ಕಾರ್ಯದ ಪ್ರಕಾರ ಬೇರೆ ಬೇರೆ ಫೋಲ್ಡರಿಗೆ ಹಾಕಬೇಕು, ಒಂದೊಂದಕ್ಕೂ ಹೆಸರಿಡಬೇಕು, ಹೆಸರಿಡುವ ತನಕ ಟೈಮ್‌ಲೈನ್ ಮುಟ್ಟಬಾರದು. ತಾಳಿ ಕಟ್ಟುವ ಕ್ಲಿಪ್ಪನ್ನು ವರನ ಕೈಯಿಂದ ಶುರು ಮಾಡಬಾರದು, ವಧುವಿನ ಉಸಿರಿನಿಂದ ಶುರು ಮಾಡಬೇಕು. “ಅಕಿ ಉಸರ ಒಳಗ ತಗೋತಾಳ ನೋಡು, ಅಲ್ಲಿ ಕಟ್” ಎಂದು ಅವರು ತೋರಿಸಿಕೊಟ್ಟ ಜಾಗದಲ್ಲೇ ನಾನು ಇವತ್ತಿಗೂ ಕತ್ತರಿಸುತ್ತೇನೆ. ಬೇರೆ ಕಡೆ ಕತ್ತರಿಸಿ ನೋಡಿದ್ದೇನೆ. ಚೆನ್ನಾಗಿ ಬರುವುದಿಲ್ಲ.

ಆದರೆ ಅದೇ ಮನುಷ್ಯ ಇಡುತ್ತಿದ್ದ ಹೆಸರುಗಳು? ನಾವು ‘ಅರಿಷಿಣ, ಹುಡುಗಿಯ ಚಿಕ್ಕಮ್ಮ’ ಎಂದು ಬರೆದರೆ ಅವರು ಅಳಿಸಿ ‘ಗೂಬಿ ಮಾರಿ’ ಎಂದು ಬರೆಸುತ್ತಿದ್ದರು. ‘ಡೊಳ್ಳ ಬೀಗ’, ‘ಅಳೂ ಎಮ್ಮಿ’, ‘ಇದ್ದಲಿ’. ಬರೆಸಿ ತಾವೇ ನಗುತ್ತಿದ್ದರು. ನಾವೂ ನಗಬೇಕಿತ್ತು. ಒಮ್ಮೆ ಆ ಚಿಕ್ಕಮ್ಮನವರೇ ಪೂರ್ತಿ ವಿಡಿಯೊ ಆಗುವ ಮೊದಲು ನೋಡೋಣವೆಂದು ಸ್ಟುಡಿಯೊಕ್ಕೆ ಬಂದರು. ನನ್ನ ಹಿಂದೆ ನಿಂತು ಪರದೆ ನೋಡಿದರು. ಇಂಗ್ಲಿಷ್ ಅಕ್ಷರದಲ್ಲಿದ್ದ ತಮ್ಮ ಕ್ಲಿಪ್ಪಿನ ಹೆಸರನ್ನು ಕೂಡಿಸಿಕೊಂಡು ಓದಿದರು.

“ಗೂಬಿ ಮಾರಿ ಅಂದ್ರ ಯಾರ್ರೀ? ನಾನೇನು?”

ಮಾಲಕರು ಕ್ಯಾಬಿನ್ನಿನಿಂದ ಎದ್ದು ಬಂದರು. ಒಂದಿಷ್ಟೂ ಗಲಿಬಿಲಿ ಇಲ್ಲ.

“ಅಯ್ಯ, ಅಲ್ರೀ ಅಕ್ಕಾರ. ಗೋಪಿ ಮಾರಿ ಅಂತ ಬರಿ ಅಂದೆ ನಾ. ಗೋಪಿಯಂಗ ಕಾಣ್ತೀರಿ ನೀವು. ಈ ಹುಡುಗಿಗೆ ಸ್ಪೆಲಿಂಗ್ ಬರೂದಿಲ್ಲ. ಇವರಿಗೆ ಸಾಲಿ ಕಲಿಸಿದ್ರೂ ಅಷ್ಟ, ಬಿಟ್ರೂ ಅಷ್ಟ.”

ಆಕೆ ನಕ್ಕರು. ಹೋಗುವಾಗ ನನ್ನತ್ತ ತಿರುಗಿ, “ನೋಡಿ ಬರಿಯವಾ” ಎಂದು ಬುದ್ಧಿ ಹೇಳಿದರು. ನಾನು ಬಿ.ಕಾಂ. ಪಾಸಾದವಳು.

‘ಇವರಿಗೆ’ ಎಂದರೆ ಯಾರಿಗೆ ಎನ್ನುವುದು ನನಗೆ ಗೊತ್ತಿತ್ತು. ನಮ್ಮದು ಬುದ್ಧನ ಫೋಟೊ ಇಟ್ಟ ಮನೆ. ಅಜ್ಜನ ಕಾಲದವರೆಗೆ ಊರ ಮದುವೆಗಳಲ್ಲಿ ಹಲಗಿ ಬಾರಿಸುವುದು ನಮ್ಮವರ ಪಾಲಿಗೆ ಬಂದ ಕೆಲಸ. ಅಪ್ಪ ಅದನ್ನು ಬಿಟ್ಟು ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆದರು. ಕಾಕಾ ಬಿಡಲಿಲ್ಲ. “ಹಲಗಿ ಏನ್ ಮಾಡೇತಿ ಪಾಪ? ಬಾರಸಂತ ಅಂದವರದು ತಪ್ಪು” ಎನ್ನುತ್ತ ನಾಲ್ಕು ಜನರ ಮೇಳ ಕಟ್ಟಿಕೊಂಡು ತಿರುಗುತ್ತಿದ್ದರು.

ಸ್ಟುಡಿಯೊಕ್ಕೆ ಎದುರಿನ ಹೋಟೆಲಿನಿಂದ ಚಹಾ ಬರುತ್ತಿತ್ತು. ಎಲ್ಲರಿಗೂ ಗಾಜಿನ ಗ್ಲಾಸು, ನನಗೆ ಪೇಪರ್ ಕಪ್ಪು. “ಹೆಣ್ಮಗಳು, ಸ್ವಚ್ಛ ಇರ್ಲಿ ಅಂತ” ಎಂದಿದ್ದರು ಮಾಲಕರು ಮೊದಲ ದಿನ. ಆಮೇಲೆ ಫೋಟೊ ವಿಭಾಗಕ್ಕೆ ಇನ್ನೊಬ್ಬ ಹುಡುಗಿ ಸೇರಿದಳು. ಅವಳಿಗೆ ಗಾಜಿನ ಗ್ಲಾಸು ಬಂತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾಗೆಯೇ ಬೇರೆಯವರಿಗೆ ಕಲಿಸುವಾಗ ಅವರ ಕೈಯಿಂದ ಮೌಸ್ ಕಸಿದುಕೊಂಡು ಮಾಡಿ ತೋರಿಸುತ್ತಿದ್ದರು. ನನ್ನ ಮೌಸನ್ನು ಯಾವತ್ತೂ ಮುಟ್ಟಲಿಲ್ಲ. ನನಗೆ ಎಲ್ಲವನ್ನೂ ಉಗುರಿನಿಂದ, ಬಾಯಿಂದ ಕಲಿಸಿದರು. ಬಹುಶಃ ಅದಕ್ಕೇ ನನ್ನ ಕೈ ಬೇಗ ಕುದುರಿತು.

ಸವದತ್ತಿ ಕಡೆಯ ಒಂದು ಮದುವೆಯ ಮೆರವಣಿಗೆ ಎಡಿಟ್ ಮಾಡುತ್ತಿದ್ದೆ. ಪರದೆಯ ಮೇಲೆ ಕಾಕಾ ಬಂದರು. ಎದೆಗೆ ಹಲಗಿ ಅವುಚಿಕೊಂಡು, ಕಣ್ಣು ಮುಚ್ಚಿ, ಹಣೆಯ ಬೆವರನ್ನು ತೋಳಿಗೆ ಒರೆಸಿಕೊಳ್ಳುತ್ತ ಬಾರಿಸುತ್ತಿದ್ದರು. ನಾನು ಅವರನ್ನು ಅಷ್ಟು ಚಂದ ಎಂದೂ ನೋಡಿರಲಿಲ್ಲ. ಹಿಂದಿನಿಂದ ಉಗುರು ಬಂದು ಕಾಕಾನ ಮುಖಕ್ಕೆ ಬಡಿಯಿತು.

“ಮಂದಿನ್ನ ಹಾರ್ಸು. ಆವಾಜ್ ಇಟ್ಕೊ. ಆವಾಜ್ ಮಸ್ತ್ ಐತಿ.”

“ಅವರು ನಮ್ಮ ಕಾಕಾ ರೀ” ಎಂದೆ.

“ಹೌದ? ಹಂಗಾರ ಆವಾಜ್ ಪೂರಾ ಇಟ್ಕೊ. ಅರ್ಧಕ್ಕ ಕಟ್ ಮಾಡಬ್ಯಾಡ” ಎಂದು ಉಪಕಾರ ಮಾಡಿದವರ ಹಾಗೆ ಹೇಳಿ ಹೋದರು.

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಚಿತ್ರಕ್ಕೂ ಧ್ವನಿಗೂ ಗಂಟು ಹಾಕಿರುತ್ತದೆ. ಅನ್‌ಲಿಂಕ್ ಎಂದು ಒತ್ತಿದರೆ ಗಂಟು ಬಿಚ್ಚುತ್ತದೆ. ಆಮೇಲೆ ಚಿತ್ರ ತೆಗೆದು ಹಾಕಿದರೂ ಧ್ವನಿ ಉಳಿಯುತ್ತದೆ. ಕಾಕಾನ ಹಲಗಿಯ ಧ್ವನಿಯ ಮೇಲೆ ವರನ ಕಾರು, ಕಾರಿನ ಮೇಲಿನ ಹೂವು, ಬೀಗರ ಬಂಗಾರ ಬಂದವು. ಮನೆಗೆ ಹೋದಾಗ ಕಾಕಾ ಕೇಳಿದರು.

“ಸವದತ್ತಿ ಮದಿವ್ಯಾಗ ನಾ ಬಂದೇನೇನವಾ ವಿಡಿಯೊದಾಗ?”

“ನಿನ್ನ ಹಲಗಿ ಬಂದೈತಿ ಕಾಕಾ.”

“ಅಷ್ಟ ಸಾಕ್ ಬಿಡು” ಎಂದರು. ಸಾಕಾಗಿರಲಿಲ್ಲ ಎಂಬುದು ಮುಖದಲ್ಲೇ ಇತ್ತು.

ಹಾರಿಸಿದ ಕ್ಲಿಪ್ಪುಗಳೆಲ್ಲ ‘ಕಸ’ ಎಂಬ ಫೋಲ್ಡರಿಗೆ ಹೋಗುತ್ತಿದ್ದವು. ಪ್ರತಿ ಮದುವೆಯ ಹಾರ್ಡ್‌ಡಿಸ್ಕಿನಲ್ಲೂ ಅದೊಂದು ಫೋಲ್ಡರ್. ಜಾಗ ಸಾಲದೆ ಒದ್ದಾಡುತ್ತಿದ್ದರೂ ಅದನ್ನು ಅಳಿಸಲು ಬಿಡುತ್ತಿರಲಿಲ್ಲ. ಯಾಕೆಂದು ಒಮ್ಮೆ ಗೊತ್ತಾಯಿತು. ಬೈಲಹೊಂಗಲದವರೇ ಒಬ್ಬರು, ವರನ ಅಣ್ಣ, ವಿಡಿಯೊ ತಡವಾಯಿತೆಂದು ಬಂದು ಕೂಗಾಡಿದರು. ಮಾಲಕರು ಅವರನ್ನು ಮೆಲ್ಲಗೆ ಕ್ಯಾಬಿನ್ನಿಗೆ ಕರೆದು, ಕಸದ ಫೋಲ್ಡರಿನಿಂದ ಒಂದು ಕ್ಲಿಪ್ ತೆಗೆದು ತೋರಿಸಿದರು. ಕುಡಿದು, ಧೋತರ ಕಳಚಿ, ಪೆಂಡಾಲಿನ ಹಿಂದೆ ಬಿದ್ದುಕೊಂಡಿದ್ದ ಅವರದೇ ಕ್ಲಿಪ್ಪು. ಆ ಮನುಷ್ಯ ಹೊರಗೆ ಬಂದಾಗ ತಲೆ ತಗ್ಗಿತ್ತು. “ಯಾವಾಗ ಆಗತೈತಿ ಆವಾಗ ಕೊಡ್ರಿ ಮಾಲಕ್ರ” ಎಂದು ಕೈ ಮುಗಿದು ಹೋದರು.

ಅವರು ಹೋದ ಮೇಲೆ ಮಾಲಕರು ನಮಗೆಲ್ಲ ಕೇಳುವಂತೆ ಹೇಳಿದರು: “ಛಲೋದು ಅವರಿಗೆ ಕೊಡಬೇಕು, ಕಸ ನಾವು ಇಟ್ಕೋಬೇಕು. ಆವಾಗ ಮಂದಿ ಅದಬ್ಲೆ, ತಗ್ಗಿ ಬಗ್ಗಿ ಇರ್ತಾರ.”

ರಾಮದುರ್ಗದ ಮದುವೆ ಬಂದದ್ದು ಅದರ ಮರುವರ್ಷ. ವಧುವಿನ ಹೆಸರು ಶೋಭಾ. ತಂದೆ ಇಲ್ಲದ ಹುಡುಗಿ. ತಾಯಿಯೇ ಹೊಲಿಗೆ ಮಾಡಿ ಸಾಕಿದ್ದರು. ವಿಡಿಯೊ ಗಂಡಿನವರ ಖರ್ಚಿನದು. ಕ್ಲಿಪ್ಪುಗಳಿಗೆ ಹೆಸರಿಡುವಾಗ ನಾನು ಆ ತಾಯಿಯನ್ನು ನೋಡಿದೆ. ವಿಧವೆಯೆಂದು ವೇದಿಕೆಗೆ ಬರಲಿಲ್ಲವೋ, ಬರಬೇಡ ಎಂದರೋ, ಅಕ್ಷತೆಯ ಹೊತ್ತಿಗೆ ಆಕೆ ದೂರದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮುಷ್ಟಿಯಲ್ಲಿ ಅಕ್ಕಿಕಾಳು. ಗಟ್ಟಿಮೇಳ ಆದ ಕೂಡಲೇ ಅಲ್ಲಿಂದಲೇ ಎಸೆದರು. ಕಾಳುಗಳು ಮುಂದಿನ ಕುರ್ಚಿಯವರ ಬೆನ್ನಿಗೂ ತಲುಪದೆ ನೆಲಕ್ಕೆ ಬಿದ್ದವು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಒಬ್ಬರೇ ನಕ್ಕರು. ಒಳಗಿಂದ ಯಾರೋ ಕರೆದಿರಬೇಕು, ತಿರುಗಿ ಹೋದರು. ಎರಡನೇ ಕ್ಯಾಮೆರಾದವನು ಹೇಗೋ ಅದನ್ನು ಹಿಡಿದಿದ್ದ.

ತಾಳಿಯ ಕ್ಲಿಪ್ಪಿನ ಬೆನ್ನಿಗೇ ನಾನು ಅದನ್ನು ಜೋಡಿಸಿದೆ. ಉಗುರು ಬಂತು.

“ಶುಭಕಾರ್ಯದಾಗ ಬೋಳ ಹಣಿ ಯಾಕ ತೋರಸ್ತಿ? ಹಾರ್ಸು.”

“ಹುಡುಗಿ ತಾಯಿ ಅದಾರ್ರೀ ಅವರು.”

“ತಾಯಿ ಇದ್ರ ಇರ್ಲಿ. ಹಾರ್ಸು.”

ತಾಯಿ ಬಡಿಸುತ್ತಿದ್ದುದು, ಮಗಳ ತಲೆ ನೇವರಿಸಿದ್ದು, ಕಾರಿನ ಕಿಟಕಿಯ ಬಳಿ ನಿಂತದ್ದು, ಎಲ್ಲ ಕಸಕ್ಕೆ ಹೋಯಿತು. ವಿಡಿಯೊ ಚಂದ ಬಂತೆಂದು ನಾವು ತಿಳಿದೆವು. ಆದರೆ ಗಂಡಿನ ತಂದೆ ಊರಲ್ಲಿ, ತಮ್ಮ ಕಡೆಯ ನೆಂಟರನ್ನು ಸರಿಯಾಗಿ ತೋರಿಸಿಲ್ಲ ಎಂದು ಆಡಿಕೊಂಡರಂತೆ. ಸಣ್ಣ ಮಗನ ಮದುವೆಗೆ ಬೆಳಗಾವಿಯವರನ್ನು ಗೊತ್ತು ಮಾಡಿದರಂತೆ. ಈ ಮಾತು ಮಾಲಕರ ಕಿವಿಗೆ ಬಿತ್ತು. ಅವರು ಯಾವ ಮಾತನ್ನೂ ಮರೆಯುವವರಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಶೋಭಾ ಸ್ಟುಡಿಯೊದ ಮೆಟ್ಟಿಲು ಹತ್ತಿ ಬಂದಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಮದುವೆಯ ಹುಡುಗಿ ಎಂದು ಗುರುತು ಸಿಗದಷ್ಟು ಸೊರಗಿದ್ದಳು. ಅವಳ ತಾಯಿ ತೀರಿಹೋಗಿದ್ದರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಮನೆಯಲ್ಲಿ ತಾಯಿಯ ಫೋಟೊ ಎಂದರೆ ರೇಷನ್ ಕಾರ್ಡಿನಲ್ಲಿ ಇದ್ದದ್ದಷ್ಟೇ.

“ಮದಿವಿ ವಿಡಿಯೊ ಎಷ್ಟ ಸಲ ನೋಡಿದೆನ್ರಿ. ನಮ್ಮವ್ವ ಒಂದ ಕಡೇನೂ ಇಲ್ರಿ” ಎಂದಳು ಮಾಲಕರ ಮುಂದೆ ನಿಂತು. “ಎಲ್ಯಾರ ಒಂದ ಚೂರ ಉಳದಿದ್ರ ಕೊಡ್ರಿ. ಹಿಂದ ಎಲ್ಲೆರ ನಿಂತದ್ದಿದ್ರೂ ನಡಿತೈತ್ರಿ.”

“ನಿಮ್ಮವ್ವ ಕ್ಯಾಮೆರಾದ ಮುಂದ ಎಲ್ಲಿ ಬಂದಿದ್ಲು? ಇಲ್ಲ, ಏನೂ ಇಲ್ಲ” ಎಂದರು ಮಾಲಕರು, ಅಡಿಕೆ ಅಗಿಯುತ್ತ.

ಶೋಭಾ ತಲೆಯಾಡಿಸಿ ತಿರುಗಿದಳು. ಅವಳು ನಂಬಿದ್ದಳು. ಅದನ್ನು ನೋಡಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

“ಅದಾವ್ರಿ” ಎಂದೆ ಗಟ್ಟಿಯಾಗಿ. “ಕಸದ ಫೋಲ್ಡರಿನ್ಯಾಗ ಅದಾವ್ರಿ. ಬಾಳ ಅದಾವ. ನಾನ ಹೆಸರ ಇಟ್ಟೇನಿ.”

ಮಾಲಕರು ನನ್ನನ್ನು ನೋಡಿದರು. ಬೈಯಲಿಲ್ಲ. ಮುಗುಳ್ನಕ್ಕರು. ಅವರು ನಕ್ಕರೆಂದರೆ ಏನೋ ಕೆಟ್ಟದ್ದು ಹೊಳೆದಿದೆ ಎಂದು ನಾವೆಲ್ಲ ತಿಳಿದಿದ್ದೆವು.

“ಇದ್ರ ಕೊಡೂಣು, ಯಾಕ ಕೊಡಬಾರದು?” ಎಂದರು ಶೋಭಾಳಿಗೆ. “ನಿಮ್ಮ ಮಾವನ್ನ ಕರ್ಕೊಂಡ್ ಬಾ. ರಾಮದುರ್ಗ ತುಂಬ ನಂದು ಆಡ್ಕೊಂತ ಅಡ್ಡಾಡ್ಯಾನಲ್ಲ, ಇಲ್ಲೆ ನಿಂತು ತಪ್ಪಾತು ಅನ್ಲಿ. ಆಮ್ಯಾಲ ಕ್ಲಿಪ್ ತಗೊಂಡ್ ಹೋಗು.”

ಶೋಭಾ ಏನು ಮಾಡಿಯಾಳು? ಮದುವೆಯಾಗಿ ವರ್ಷ ತುಂಬದ ಸೊಸೆ. “ಅವರ ಬರೂದಿಲ್ರಿ. ಅವರ ಪರವಾಗಿ ನಾನ ಕೇಳ್ತೇನ್ರಿ” ಎಂದಳು. ಸೆರಗು ಹೊದ್ದು, ಬಗ್ಗಿ, ಅವರ ಕಾಲು ಮುಟ್ಟಿದಳು. ತಾಯಿಯನ್ನು ಕಳೆದುಕೊಂಡ ಮಗಳು ಕಾಲು ಹಿಡಿದರೆ ಯಾರಾದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವರು ಎಳೆದುಕೊಳ್ಳಲಿಲ್ಲ. ಅವಳು ತಾನಾಗಿ ಏಳುವವರೆಗೆ ಹಾಗೆಯೇ ನಿಂತಿದ್ದರು, ನಾವೆಲ್ಲ ನೋಡುತ್ತಿದ್ದೇವೆಯೇ ಎಂದು ಒಮ್ಮೆ ಸುತ್ತ ಕಣ್ಣಾಡಿಸಿದರು.

ಆಮೇಲೆ ಕಪಾಟಿನಿಂದ ಹಾರ್ಡ್‌ಡಿಸ್ಕ್ ತೆಗೆದು, ಕ್ಯಾಬಿನ್ನಿನಲ್ಲಿ ತಾವೇ ಕೂತು ಒಂದೇ ಒಂದು ಕ್ಲಿಪ್ಪನ್ನು ಮೊಬೈಲಿನಲ್ಲಿ ಓಡುವ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಅವಳಿಗೆ ಕಳಿಸಿದರು. ಅಡುಗೆಮನೆಯ ಬಾಗಿಲಿನದು. ಅತಿ ಸಣ್ಣ ಸೈಜಿನಲ್ಲಿ, ಮುಖ ಚೌಕ ಚೌಕವಾಗಿ ಒಡೆಯುವಷ್ಟು ಸಣ್ಣದು. ಚಿತ್ರದ ಮೇಲೆ ನಟ್ಟನಡುವೆ, ಹಳದಿ ಬಣ್ಣದ ದಪ್ಪ ಅಕ್ಷರದಲ್ಲಿ ಸ್ಟುಡಿಯೊದ ಹೆಸರು, ಅದರ ಕೆಳಗೆ ಫೋನ್ ನಂಬರು. ಶೋಭಾ ಮೊಬೈಲಿನಲ್ಲಿ ಅದನ್ನು ತೆರೆದು ನೋಡಿದಳು.

“ಅವ್ವನ ಮಾರಿ ಕಾಣವಲ್ದಲ್ರಿ. ಮ್ಯಾಲ ಹೆಸರ ಬಂದೈತಿ.”

“ನಮ್ಮ ಕೆಲಸದ ಮ್ಯಾಲ ನಮ್ಮ ಹೆಸರ ಇರಬೇಕಲ್ಲ ತಂಗಿ” ಎಂದರು. “ಹೋಗ್ ಬಾ. ಬಸ್ ತಪ್ಪೀತು.”

ಅವಳು ಹೋದಳು. ಮಾಲಕರು ಹಾರ್ಡ್‌ಡಿಸ್ಕನ್ನು ಹೊರಗಿನ ಟೇಬಲ್ಲಿನ ಮೇಲಿಟ್ಟು ಬಾಯಿ ತೊಳೆಯಲು ಹೋದರು. ನಾನು ಅದನ್ನು ನನ್ನ ಕಂಪ್ಯೂಟರಿಗೆ ಚುಚ್ಚಿದೆ. ಕ್ಯಾಮೆರಾದಿಂದ ಬಂದ ಕ್ಲಿಪ್ ನೇರವಾಗಿ ಟಿ.ವಿ.ಯಲ್ಲಿ ಓಡುವುದಿಲ್ಲ, ಎಕ್ಸ್‌ಪೋರ್ಟ್ ಮಾಡಲೇಬೇಕು. ಕಸದ ಫೋಲ್ಡರಿನಿಂದ ಆ ತಾಯಿ ಇದ್ದ ಎಲ್ಲ ಕ್ಲಿಪ್ಪುಗಳನ್ನು ಎಳೆದು ಸಾಲಾಗಿ ಇಟ್ಟೆ. ಒಂದು ಕಡೆಯೂ ಕತ್ತರಿಸಲಿಲ್ಲ. ಪೂರ್ತಿ ಸೈಜು, ಯಾರ ಹೆಸರೂ ಇಲ್ಲ. ಎಕ್ಸ್‌ಪೋರ್ಟ್ ಒತ್ತಿದೆ. ಪರದೆಯ ಮೇಲೆ ನೀಲಿ ಪಟ್ಟಿ ಮೆಲ್ಲಗೆ ತೆವಳತೊಡಗಿತು.

ಮಾಲಕರು ಬಂದು ನೋಡಿದರು.

“ಏನದು? ನಿಲ್ಸು.”

ನಾನು ಮೌಸಿನ ಮೇಲಿನ ಕೈ ತೆಗೆಯಲಿಲ್ಲ.

“ನಿಲ್ಸಂದೆ. ಕಿವಿ ಕೇಳೂದಿಲ್ಲೇನು?”

ಬೇರೆ ಯಾರೇ ಆಗಿದ್ದರೂ ಕೈ ತಳ್ಳಿ ಮೌಸ್ ಕಸಿದುಕೊಳ್ಳುತ್ತಿದ್ದರು. ಅವರ ಕೈ ಮುಂದೆ ಬಂತು. ನನ್ನ ಕೈಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಮುಟ್ಟಲಿಲ್ಲ. ಆ ಕೋಪದಲ್ಲೂ ಅವರಿಗೆ ಅದು ನೆನಪಿತ್ತು. ನಾನು ಅವರ ಬೆರಳನ್ನೇ ನೋಡಿದೆ, ಆಮೇಲೆ ಅವರ ಕಣ್ಣನ್ನು. ಅವರು ಗೋಡೆಯ ಕಡೆ ಓಡಿ ಮೇನ್ ಸ್ವಿಚ್ ಎಳೆದರು. ಫ್ಯಾನು ನಿಂತಿತು, ದೀಪ ಆರಿತು, ಕೆಳಗಿದ್ದ ಯು.ಪಿ.ಎಸ್. ಕೀಂ ಕೀಂ ಎಂದು ಕಿರುಚತೊಡಗಿತು. ಪರದೆ ಮಾತ್ರ ಬೆಳಗುತ್ತಲೇ ಇತ್ತು, ಪಟ್ಟಿ ತೆವಳುತ್ತಲೇ ಇತ್ತು. ಅವರು ಅಲ್ಲಿಂದಲೇ ಬಾಯಿಗೆ ಬಂದ ಹಾಗೆ ಬೈದರು. ನನ್ನ ಜಾತಿ ಹಿಡಿದು ಬೈದರು, ಕಾಕಾನ ಹಲಗಿ ಹಿಡಿದು ಬೈದರು. ಅಲ್ಲಿಯ ತನಕ ಪೇಪರ್ ಕಪ್ಪಿನಲ್ಲಿ ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತು. ಪಟ್ಟಿ ಕೊನೆ ಮುಟ್ಟಿತು. ಪೆನ್‌ಡ್ರೈವಿಗೆ ಹಾಕಿಕೊಂಡು ಎದ್ದೆ.

“ನಾಳಿಂದ ಬರಬ್ಯಾಡ” ಎಂದರು.

“ಬಾ ಅಂದ್ರೂ ಬರೂದಿಲ್ರಿ” ಎಂದೆ.

ಬಸ್ ಸ್ಟ್ಯಾಂಡಿಗೆ ಓಡಿದೆ. ರಾಮದುರ್ಗದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಬಳಿ ಕೂತಿದ್ದ ಶೋಭಾಳ ಕೈಗೆ ಪೆನ್‌ಡ್ರೈವನ್ನೂ ನನ್ನ ನಂಬರು ಬರೆದ ಚೀಟಿಯನ್ನೂ ಕೊಟ್ಟು, “ಟಿ.ವಿ.ಗೆ ಹಾಕ್ರಿ. ಎಲ್ಲಾ ಐತಿ” ಎಂದೆ. ಅವಳಿಗೆ ಮಾತು ಹೊರಡುವ ಮೊದಲೇ ಬಸ್ಸು ಹೊರಟಿತು. ಸಂಜೆ ಅವಳ ಫೋನ್ ಬಂತು. ಬಹಳ ಹೊತ್ತು ಅಳುವೇ ಕೇಳಿಸಿತು. ಆಮೇಲೆ, “ಅಕ್ಕಾ, ನಮ್ಮವ್ವ ಅಕ್ಕಿಕಾಳ ಒಗದಾಳ್ರಿ. ನನಗ ಗೊತ್ತ ಇರಲಿಲ್ರಿ. ಅಕಿ ಒಳಗ ಅದಾಳ, ತಾಳಿ ಕಟ್ಟೂ ಹೊತ್ತಿಗೂ ಹೊರಗ ಬರಲಿಲ್ಲಂತ ನಾ ಸಿಟ್ಟ ಆಗಿದ್ದೆ” ಎಂದಳು.

ಮಾಲಕರು ಸುಮ್ಮನೆ ಬಿಡಲಿಲ್ಲ. ನಾನು ಕ್ಲಿಪ್ ಕದ್ದು ಮಾರುವವಳೆಂದು ಬೈಲಹೊಂಗಲದ ಎಲ್ಲ ಸ್ಟುಡಿಯೊಗಳಿಗೆ ತಾವೇ ಹೋಗಿ ಹೇಳಿ ಬಂದರು. ಸವದತ್ತಿಗೂ ಫೋನ್ ಮಾಡಿದರು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಜನ ಮುಖ ನೋಡದೆ ಮಾತಾಡಿದರು. ಜೊತೆಗೆ ಕೂತು ದುಡಿದವರು ರಸ್ತೆಯಲ್ಲಿ ಕಂಡರೆ ಅಂಗಡಿಯೊಳಗೆ ಹೊಕ್ಕರು. ಕಾಕಾ ಮಾತ್ರ “ಛಲೋ ಮಾಡಿದಿ” ಎಂದರು. ಕೊನೆಗೆ ಕಿತ್ತೂರಿನಲ್ಲಿ, ಹೆದ್ದಾರಿಯ ಪಕ್ಕದ ಫ್ಲೆಕ್ಸ್ ಅಂಗಡಿಯವರೊಬ್ಬರು ತಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಟೇಬಲ್ ಹಾಕಿಕೊಳ್ಳಲು ಜಾಗ ಕೊಟ್ಟರು. ಅಲ್ಲಿಂದ ಶುರುವಾದದ್ದು ಈಗಿನ ನನ್ನ ಅಂಗಡಿ. ಕಷ್ಟಪಟ್ಟೆ ಎಂದು ಹೇಳಿಕೊಳ್ಳುವ ಆಸೆ ಇಲ್ಲ. ಆದರೆ ಆ ದಿನಗಳಲ್ಲಿ ಪ್ರತಿಯೊಂದು ಬಾಗಿಲೂ ಅವರ ಕೈಯಿಂದಲೇ ಮುಚ್ಚಿತ್ತು ಎಂಬುದನ್ನು ನಾನು ಮರೆಯುವುದಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಸವದತ್ತಿಯ ಒಂದು ಕಲ್ಯಾಣಮಂಟಪದಲ್ಲಿ. ಹುಡುಗಿಯ ಕಡೆಯಿಂದ ನಾನು, ಗಂಡಿನ ಕಡೆಯಿಂದ ಅವರು. ವಯಸ್ಸಾಗಿತ್ತು, ಕ್ಯಾಮೆರಾ ಹೆಗಲಿಗೇರಿಸಲು ಜೊತೆಯ ಹುಡುಗ ಕೈ ಕೊಡಬೇಕಿತ್ತು. ಒಂದು ಕ್ಷಣ ನನಗೆ ಅಯ್ಯೋ ಎನ್ನಿಸಿತು. ಅವರು ನನ್ನ ಹತ್ತಿರ ಬಂದು, ಸುತ್ತ ನಿಂತವರಿಗೆ ಕೇಳುವ ಹಾಗೆ ಹೇಳಿದರು: “ಇಕಿ ಕಡಿಂದ ಹುಷಾರ್ ಇರ್ರಿ. ಕ್ಲಿಪ್ ಎಣಿಸಿ ಕೊಡ್ರಿ.” ಅಯ್ಯೋ ಎಂದದ್ದು ಅಲ್ಲಿಗೇ ಮುಗಿಯಿತು.

ಅವರು ತೀರಿದ ಕೆಲವು ದಿನಗಳ ಮೇಲೆ ಫೋಟೊಗ್ರಾಫರರ ಸಂಘದ ಅಧ್ಯಕ್ಷರು ಫೋನ್ ಮಾಡಿದರು. ಬೈಲಹೊಂಗಲದಲ್ಲಿ ಶ್ರದ್ಧಾಂಜಲಿ ಸಭೆ, ಅಲ್ಲಿ ತೋರಿಸಲು ಒಂದು ವಿಡಿಯೊ ಬೇಕು.

“ನಿನ್ನಷ್ಟ ಛಲೋ ಎಡಿಟಿಂಗ್ ಯಾರ ಮಾಡ್ತಾರವಾ ಈಗ? ಹಳೇದೆಲ್ಲ ಬಿಟ್ಟಬಿಡು. ಗುರು ಋಣ ಅಂತ ಮಾಡ್ಕೊಡು.”

ಋಣ ಎಂಬ ಮಾತಿಗೆ ನಗು ಬಂತು. ಆದರೂ ಒಪ್ಪಿಕೊಂಡೆ. ಬೇರೆ ಯಾರಾದರೂ ಮಾಡಿದರೆ ಅವರನ್ನು ದೇವರು ಮಾಡಿಬಿಡುತ್ತಾರೆ ಎಂದು ಗೊತ್ತಿತ್ತು.

ಶಿಷ್ಯರೆಲ್ಲ ತಮ್ಮ ಬಳಿ ಇದ್ದ ಕ್ಲಿಪ್ಪುಗಳನ್ನು ಕಳಿಸಿದರು. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆ ನಿಂತವರಾದ್ದರಿಂದ ಅವರ ಕ್ಲಿಪ್ಪುಗಳು ಕಡಿಮೆ. ಸನ್ಮಾನ, ಹಾರ, ಶಾಲು, ಮೈಕಿನ ಮುಂದೆ ಕೆಮ್ಮು. ಎಲ್ಲದರಲ್ಲೂ ಮರದ ಬೊಂಬೆಯ ಹಾಗೆ ನಿಂತಿದ್ದರು. ಒಂದು ಮಾತ್ರ ಬೇರೆ ಇತ್ತು. ಯಾವುದೋ ಮದುವೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಅದರಲ್ಲಿ ಮಾಲಕರು ಕ್ಯಾಮೆರಾ ಹೆಗಲಿಗೇರಿಸಿಕೊಂಡು, ಅಂಗಿ ಬೆವರಿನಲ್ಲಿ ತೊಯ್ದು, ಹಲಗಿಯವರ ಮೇಲೆ ಕೂಗುತ್ತಿದ್ದರು: “ಸರೀರಿ ಹಿಂದ! ನಿಮ್ಮ ಮಾರಿ ಯಾರಿಗೆ ಬೇಕಾಗೇತಿ? ಬಾರಸ್ರಿ ಅಷ್ಟ ಸಾಕು!” ಕೂಗಿದ ಮರುಕ್ಷಣವೇ ವಧು ಬಂದಳೆಂದು ತಿರುಗಿ, ಮೊಣಕಾಲೂರಿ, ಉಸಿರು ಬಿಗಿಹಿಡಿದು, ಯಾರನ್ನೂ ಲೆಕ್ಕಿಸದೆ ಶೂಟ್ ಮಾಡತೊಡಗಿದ್ದರು. ಅಷ್ಟೂ ಕ್ಲಿಪ್ಪುಗಳಲ್ಲಿ ಆ ಮನುಷ್ಯ ಬದುಕಿದ್ದದ್ದು ಅದೊಂದರಲ್ಲಿ.

ಅಧ್ಯಕ್ಷರು ಅದನ್ನು ನೋಡಿದ್ದರು. “ಅದು ಛಲೋ ಬಂದೈತಿ. ಆದ್ರ ಆ ಮಾತು ಬ್ಯಾಡ. ಆವಾಜ್ ತಗದ ಮ್ಯಾಲ ಒಂದ ಭಜನಿ ಹಾಕಿಬಿಡು” ಎಂದರು. ಆಗಲಿ ಎಂದು ನಾನು ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಸಭೆಯ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಾಲಕರ ಹೆಂಡತಿ ಕೂತಿದ್ದರು. ನಾವೆಲ್ಲ ಅವರನ್ನು ವೈನಿ ಎನ್ನುತ್ತಿದ್ದೆವು. ಸ್ಟುಡಿಯೊಕ್ಕೆ ಅವರು ಬಂದದ್ದು ನಾನು ನೋಡಿಯೇ ಇರಲಿಲ್ಲ. ಬಾಗಿಲ ತನಕ ಊಟದ ಡಬ್ಬಿ ಕಳಿಸುತ್ತಿದ್ದರು, ಅಷ್ಟೇ. ಭಾಷಣಗಳಾದ ಮೇಲೆ ವಿಡಿಯೊ ಹಾಕಿದರು. ಸನ್ಮಾನ ಬಂತು, ಶಾಲು ಬಂತು. ಆಮೇಲೆ ಆ ಕ್ಲಿಪ್ಪು. ಮಾತು ಇದ್ದ ಹಾಗೆಯೇ ಇತ್ತು. “ನಿಮ್ಮ ಮಾರಿ ಯಾರಿಗೆ ಬೇಕಾಗೇತಿ?” ಎನ್ನುವ ಧ್ವನಿ ದೊಡ್ಡ ಸ್ಪೀಕರಿನಲ್ಲಿ ಇಡೀ ಸಭೆಯ ಮೇಲೆ ಬಿತ್ತು. ಯಾರೋ ಒಬ್ಬರು ನಕ್ಕು ತಕ್ಷಣ ಸುಮ್ಮನಾದರು. ಅಧ್ಯಕ್ಷರು ಎದ್ದು, “ಬಂದ್ ಮಾಡ್ರಿ, ಬಂದ್ ಮಾಡ್ರಿ” ಎಂದರು. ನನ್ನ ಕಡೆ ತಿರುಗಿ, “ಏನ್ ಮಾಡಿದಿ ಇದು? ಸತ್ತವರಿಗೆ ಹಿಂಗ ಅವಮಾನ ಮಾಡ್ತಾರೇನು?” ಎಂದು ಗದರಿದರು.

“ಅವರ ಮಾತ ಅವರಿಗೆ ಅವಮಾನ ಹೆಂಗ ಆಗತೈತ್ರಿ?” ಎಂದೆ.

ನಾಲ್ಕೈದು ಜನ ಒಮ್ಮೆಲೇ ಎದ್ದು ನಿಂತರು. ಅಷ್ಟರಲ್ಲಿ ವೈನಿ ಕುರ್ಚಿಯಿಂದ ಏಳದೆ, ತಿರುಗಿಯೂ ನೋಡದೆ ಹೇಳಿದರು: “ಇರ್ಲಿ ಬಿಡ್ರಿ. ಹಂಗ ಮಾತಾಡ್ತಿದ್ರು ಅವರು. ನಿಮಗ ಯಾರಿಗೂ ಗೊತ್ತಿಲ್ಲೇನು?”

ಎದ್ದವರು ಕೂತರು. ವಿಡಿಯೊ ಮುಗಿಯುವ ತನಕ ಓಡಿತು.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ವೈನಿ ಬಂದು ನನ್ನ ಪಕ್ಕ ನಿಂತರು. ಬೈಯಲು ಬಂದರೆಂದೇ ತಿಳಿದು ನಾನೂ ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಮೊಬೈಲ್ ಮುಂದೆ ಹಿಡಿದರು.

“ಆ ಚೀರಾಡೂ ಕ್ಲಿಪ್ ಇದಕ್ಕ ಹಾಕಿ ಕೊಡು. ಶಾಲ ಹೊದ್ದ ಫೋಟೊ ದೊಡ್ಡದು ಮಾಡಿಸಿ ಮನ್ಯಾಗ ತೂಗಹಾಕ್ಯಾರ ಮಕ್ಕಳು. ದಿನಾ ದೀಪ ಹಚ್ಚತೇನಿ. ಅದು ಯಾರಂತನ ನನಗ ಗೊತ್ತಾಗವಲ್ದು.”

ಅಲ್ಲೇ ನಿಂತು ಕಳಿಸಿದೆ. ಅವರು ಮೆಟ್ಟಿಲ ಮೇಲೆ ಕೂತು, ಮೊಬೈಲನ್ನು ಕಣ್ಣಿಗೆ ಹತ್ತಿರ ತಂದುಕೊಂಡು ನೋಡತೊಡಗಿದರು. ಆ ಧ್ವನಿ ಮತ್ತೆ ಎದ್ದು ಬಂತು. ಅವರಿಗೆ ಅದು ಬೇಕಿತ್ತು. ನನಗೆ ಬೇಕಿರಲಿಲ್ಲ. ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.